ಅಪ್ಪ ಮಲಗಿದ್ದಾರೆ

ಮಂಗಳವಾರ, 3. ಬೆಳಗ್ಗೆ 8

ಸ್ನಾನ ಆಯಿತು. ತಲೆಯ ಮೈದಾ ಹೋಯಿತು, ಕಿವಿಯೊಳಗಿನದು ಹೋಗಲಿಲ್ಲ. ಬ್ರೆಡ್ ಫ್ಯಾಕ್ಟರಿಯಲ್ಲಿ ಇರುವವರೆಗೆ ಹೋಗುವುದೂ ಇಲ್ಲ, ಬಿಡು. ಪರದೆ ಎಳೆದಿದ್ದೇನೆ. ಸಂದಿಯಿಂದ ಒಂದು ಗೆರೆ ಬಿಸಿಲು ಪುಟದ ಮೇಲೆ ಬಿದ್ದಿದೆ. ಬರೆಯಲು ಅಷ್ಟು ಸಾಕು.

ತಂದ ಬ್ರೆಡ್ ಇನ್ನೂ ಬಿಸಿ ಇತ್ತು. ಮಗಳು ಅಂಚು ತಿಂದಳು, ಹೆಂಡತಿ ನಡುವಿನದು ತಿಂದಳು. ನನಗೆ ಬೇಡ. ರಾತ್ರಿಯೆಲ್ಲ ಅದರ ವಾಸನೆಯಲ್ಲೇ ಹೊಟ್ಟೆ ತುಂಬಿರುತ್ತದೆ.

ಇವತ್ತೂ ಬಸ್ಸಿನಲ್ಲಿ ನಾನು, ಡ್ರೈವರ್, ಕಂಡಕ್ಟರ್ — ಮೂರೇ ಜನ. ಎದುರಿನಿಂದ ಬರುವ ಬಸ್ಸುಗಳಲ್ಲಿ ಜನ ಬಾಗಿಲಿಗೆ ಜೋತುಬಿದ್ದಿದ್ದರು. ನಾನು ಕಿಟಕಿ ಪಕ್ಕ ಕಾಲು ಚಾಚಿಕೊಂಡು ಅವರನ್ನೆಲ್ಲ ಕಣ್ತುಂಬ ನೋಡುತ್ತಾ ಬಂದೆ. ನೈಟ್ ಶಿಫ್ಟ್ ಅಂದರೆ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ನಾನೂ ಪಾಪದ ಮುಖ ಮಾಡುತ್ತೇನೆ. ಒಳಗೆ ಮಾತ್ರ ಖುಷಿ. ನನ್ನ ಮಂಗಳವಾರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಇವತ್ತಿಗೂ ಗೊತ್ತಿಲ್ಲ, ಆದರೆ ಮಂಗಳವಾರ ಚೆನ್ನಾಗಿಯೇ ಇರುತ್ತದೆ.

ಹೆಂಡತಿ ಬಾಗಿಲಿನ ಗಂಟೆಗೆ ಕಾಲುಚೀಲ ತೊಡಿಸುತ್ತಿದ್ದಾಳೆ. ದಾರ ಎಳೆದು ಬಾರಿಸುವ ಹಿತ್ತಾಳೆ ಗಂಟೆ ಅದು. ಕಾಲುಚೀಲ ನನ್ನದೇ, ಜೋಡಿ ತಪ್ಪಿದ್ದು. ಇನ್ನು ನಾನು ಏಳುವವರೆಗೆ ಈ ಮನೆಯಲ್ಲಿ ಪಿಟ್ ಅನ್ನುವ ಹಾಗಿಲ್ಲ. ಅವಳ ಹೊಲಿಗೆ ಮಿಷನ್ನಿಗೂ ಗವಸು ಬೀಳುತ್ತದೆ. "ಅಪ್ಪ ಮಲಗಿದಾರೆ" — ಮಗಳು ಕಲಿತ ಮೊದಲ ಪೂರ್ತಿ ವಾಕ್ಯವೇ ಅದಂತೆ. ಅದೂ ಪಿಸುಮಾತಿನಲ್ಲಿ.

ಪುಣ್ಯ ಮಾಡಿದ್ದೆ ನಾನು. ಕಣ್ಣು ಎಳೆಯುತ್ತಿದೆ.

ಬುಧವಾರ, 4. ಸಂಜೆ 5

ಮಧ್ಯಾಹ್ನ ಮತ್ತೆ ಅದೇ. ದಡಕ್ಕನೆ ಎಚ್ಚರ. ಎದೆ ಡವಡವ. ಕಿವಿಗೊಟ್ಟರೆ ಏನೂ ಇಲ್ಲ. ಸದ್ದಿಲ್ಲ, ಮಾತಿಲ್ಲ. ದಿನಾ ಎರಡರ ಆಸುಪಾಸಿಗೆ ಹೀಗೇ ಆಗುತ್ತದೆ. ಹೆಂಡತಿಗೆ ಹೇಳುವ ಹಾಗಿಲ್ಲ, ಹೇಳಿದರೆ ಚಪ್ಪಲಿಗೂ ಕಾಲುಚೀಲ ತೊಡಿಸುತ್ತಾಳೆ.

ಎದ್ದು ಕಾಫಿ ಕುಡಿಯುವಾಗ ಮಗಳು ಬಂದು ಕಿವಿಯ ಹತ್ತಿರ ಬಾಯಿಟ್ಟಳು.

"ಅಪ್ಪಾ, ಮಿಸ್ಸು ನಿನ್ನ ಬರೋಕೆ ಹೇಳಿದಾರೆ."

"ಯಾಕಂತೆ?"

"ಗೊತ್ತಿಲ್ಲ."

ನಾನು ಎದ್ದಿದ್ದೇನೆ, ಎದುರಿಗೇ ಕೂತಿದ್ದೇನೆ. ಆದರೂ ಪಿಸುಪಿಸು. ಹೆಂಡತಿ ಇವಳನ್ನು ಇಲಿಮರಿ ಅನ್ನುವುದು ಸುಮ್ಮನೆ ಅಲ್ಲ. ಎರಡನೇ ಕ್ಲಾಸಿನ ಮಗು, ನಡೆದರೆ ನೆಲಕ್ಕೂ ಗೊತ್ತಾಗುವುದಿಲ್ಲ.

ಗುರುವಾರ, 5. ಬೆಳಗ್ಗೆ 11

ಇನ್ನೂ ಮಲಗಿಲ್ಲ. ಫ್ಯಾಕ್ಟರಿಯಿಂದ ನೇರ ಶಾಲೆಗೆ ಹೋದೆ. ಕಣ್ಣು ಉರಿ, ಬೂಟಿನ ಮೇಲೆ ಮೈದಾ.

"ಮಗಳು ಮನೇಲಿ ಮಾತಾಡ್ತಾಳಾ?" ಅಂದರು ಮಿಸ್.

"ಬಾಯಿ ಮುಚ್ಚೋದೇ ಇಲ್ಲ ಮೇಡಂ. ವಟವಟ ಅಂತಿರ್ತಾಳೆ."

"ಜೋರಾಗಿ?"

ಹೂಂ ಅನ್ನಲು ಹೊರಟೆ. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇನಾ? ನೆನಪಾಗಲಿಲ್ಲ.

ವಿಷಯ ಇಷ್ಟು. ಮುಂದಿನ ಶನಿವಾರ ಶಾಲೆಯಲ್ಲಿ ನಾಟಕ. ಅದರಲ್ಲಿ ಪೋಸ್ಟ್‌ಮ್ಯಾನ್ ಪಾತ್ರ ಯಾರಿಗೆ ಬೇಕು ಅಂದಾಗ ಮೊದಲು ಕೈ ಎತ್ತಿದವಳು ನಮ್ಮವಳೇ ಅಂತೆ. ಎದ್ದು ನಿಂತು ಎರಡೂ ಕೈ ಎತ್ತಿದಳಂತೆ. ಮಾತು ಹೆಚ್ಚಿಲ್ಲ. ಬಾಗಿಲು ತಟ್ಟಿ, "ಯಾರಿದ್ದೀರಿ ಮನೇಲಿ? ಬಾಗಿಲು ತೆಗೀರಿ, ಟಪಾಲು ಬಂದಿದೆ!" ಅನ್ನಬೇಕು. ಅದು ಎರಡನೇ ಬೆಂಚಿಗೂ ಕೇಳಿಸುವುದಿಲ್ಲವಂತೆ.

"ಒಂದ್ಸಲ ಗಂಟಲು ಡಾಕ್ಟರಿಗೆ ತೋರಿಸಿ. ಮುಂದಿನ ಗುರುವಾರ ರಿಹರ್ಸಲ್ ಇದೆ. ಆಗಲೂ ಹೀಗೇ ಆದ್ರೆ ಪಾತ್ರ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ. ನಂಗೂ ಬೇಜಾರೇ" ಅಂದರು. ಆಮೇಲೆ ಮಗಳನ್ನು ಕ್ಲಾಸಿನಿಂದ ಕರೆದರು. "ಎಲ್ಲಿ, ಅಪ್ಪಂಗೆ ಕೇಳಿಸೋ ಹಾಗೆ ಹೇಳು ನೋಡೋಣ."

ಮಗಳು ನನ್ನ ಕಣ್ಣು ನೋಡಿದಳು. ಬೂಟು ನೋಡಿದಳು. ಮಿಸ್ಸಿನ ಸೆರಗು ಜಗ್ಗಿ ಬಗ್ಗಿಸಿಕೊಂಡು ಗುಟ್ಟು ಹೇಳಿದಳು.

"ಬೇಡ ಮಿಸ್. ಅಪ್ಪಂಗೆ ನಿದ್ದೆ ಬರ್ತಿದೆ."

ಮಿಸ್ ನಕ್ಕರು. ನನಗೆ ನಗು ಬರಲಿಲ್ಲ. ಡಾಕ್ಟರು ಬೇಕಿಲ್ಲ. ಗಂಟಲಿಗೆ ಏನೂ ಆಗಿಲ್ಲ. ನನ್ನ ನಿದ್ದೆ ಅವಳ ಗಂಟಲಿನಲ್ಲಿ ಕೂತಿದೆ.

ಶುಕ್ರವಾರ, 6. ಮಧ್ಯಾಹ್ನ

ನಿದ್ದೆ ಇಲ್ಲ. ಹೊರಳಾಡಿ ಹೊರಳಾಡಿ ಎದ್ದು ಕೂತೆ.

ಹೆಂಡತಿ ಬೆಳಗ್ಗೆಯೇ ಮಾತು ತೆಗೆದಳು. "ರೀ, ಡೇ ಶಿಫ್ಟಲ್ಲಿ ಒಂದು ಜಾಗ ಖಾಲಿ ಇದೆ ಅಂದಿದ್ರಲ್ಲ. ಸೂಪರ್‌ವೈಸರಿಗೆ ಹೂಂ ಅಂದ್ಬಿಡಿ. ಎಲ್ಲಾರ ಹಾಗೆ ರಾತ್ರಿ ಮಲ್ಕೊಳ್ಳಿ. ಮಗು ಬಾಯ್ಬಿಟ್ಟು ಬೆಳೀಲಿ."

ಅವಳದ್ದು ತಪ್ಪಿಲ್ಲ. ಮುಂದಿನ ವಾರದೊಳಗೆ ಉತ್ತರ ಕೊಡಬೇಕು. ಕೊಡುತ್ತೇನೆ. ಮಗಳಿಗಿಂತ ಹೆಚ್ಚೇ? ಬಾಗಿಲಿಗೆ ಜೋತುಬಿದ್ದು ಹೋಗುವವರ ಜೊತೆ ನಾನೂ ಒಬ್ಬ. ಸತ್ತೇನೂ ಹೋಗುವುದಿಲ್ಲ.

ಆದರೂ ಬೇಜಾರು. ಇಲ್ಲಿ ಬರೆದರೆ ಯಾರಿಗೇನು. ತುಂಬಾ ಬೇಜಾರು.

ಪಕ್ಕದ ಕೋಣೆಯಲ್ಲಿ ಹೆಂಡತಿ ಖಾಕಿ ಬಟ್ಟೆ ಕತ್ತರಿಸುತ್ತಿದ್ದಾಳೆ. ಪೋಸ್ಟ್‌ಮ್ಯಾನ್ ಚೀಲ. ಕತ್ತರಿಯೂ ಮೆಲ್ಲಗೆ.

ಶನಿವಾರ, 7. ಬೆಳಗ್ಗೆ

ಬೆಲ್ಟ್ ಮಾವನ ದೆಸೆಯಿಂದ ಸ್ವಲ್ಪ ನಕ್ಕೆ. ಪ್ಯಾಕಿಂಗ್ ಬೆಲ್ಟಿನಲ್ಲಿ ನಮಗೆಲ್ಲ ಹಿರಿಯ. ಟೀ ಬ್ರೇಕಿನಲ್ಲಿ ಹಿಟ್ಟಿನ ಮೂಟೆಗಳ ಮೇಲೆ ಉರುಳಿಕೊಳ್ಳುತ್ತಾನೆ. ಪಕ್ಕದಲ್ಲೇ ಹಿಟ್ಟು ಕಲಸುವ ಮಿಕ್ಸರ್, ಹತ್ತು ಲಾರಿ ಒಟ್ಟಿಗೆ ಸ್ಟಾರ್ಟ್ ಮಾಡಿದ ಹಾಗೆ ಸದ್ದು. ಅವನಿಗದು ಜೋಗುಳ. ಮಿಕ್ಸರ್ ನಿಂತಿತೋ, ತಟ್ಟನೆ ಎದ್ದು ಕೂತು "ಏನಾಯ್ತು? ಏನಾಯ್ತು?" ಅನ್ನುತ್ತಾನೆ. ನಮ್ಮಲ್ಲಿ ಸದ್ದು ನಿಂತರೆ ತಾನೇ ಗಾಬರಿ. ಎಲ್ಲೋ ಏನೋ ಸಿಕ್ಕಿಹಾಕಿಕೊಂಡಿದೆ ಅಂತಲೇ ಅರ್ಥ.

ಇವತ್ತು ಹುಡುಗರು ಬೇಕಂತಲೇ ಸ್ವಿಚ್ ಆರಿಸಿ, ಹಾಕಿ, ಆರಿಸಿ... ಪಾಪ.

ಭಾನುವಾರ, 8. ರಾತ್ರಿ

ನಗಬೇಕೋ ಅಳಬೇಕೋ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇವತ್ತು ರಜೆ. ಮಧ್ಯಾಹ್ನ ಊಟ ಆದಮೇಲೆ ಮಗಳನ್ನು ಕೂರಿಸಿಕೊಂಡೆ. "ಇವತ್ತು ನಿಂಗೊಂದು ಕೆಲಸ. ನಾನು ಒಳಗೆ ಮಲಗ್ತೀನಿ. ನೀನು ಮುಂಬಾಗಿಲಲ್ಲಿ ನಿಂತು ಪೋಸ್ಟ್‌ಮ್ಯಾನ್ ಮಾತು ಹೇಳಿ ನನ್ನ ಎಬ್ಬಿಸ್ಬೇಕು."

ಕಣ್ಣು ಪಿಳಿಪಿಳಿ ಬಿಟ್ಟಳು. "ನಿಜವಾಗ್ಲೂ ಎಬ್ಬಿಸ್ಲಾ?"

"ನಿಜವಾಗ್ಲೂ."

"ಅಮ್ಮ ಬೈತಾಳೆ."

"ನಾನು ಹೇಳಿದೀನಿ ಅನ್ನು."

ಮಲಗಿದೆ. ಕಣ್ಣು ಮುಚ್ಚಿದೆ. ಮೊದಲ ಸಲ ಬರೀ ಗಾಳಿ. ಎರಡನೇ ಸಲ ಸ್ವಲ್ಪ ದನಿ. ಮೂರನೆಯದು, ಊಟಕ್ಕೆ ಕೂತವರು ಉಪ್ಪು ಕೇಳಿದಷ್ಟು. ಪರವಾಗಿಲ್ಲ, ಇನ್ನೂ ಜೋರಾಗಲಿ ಅಂತ ಕಾದೆ. ವಾರದ ನಿದ್ದೆ ಬಾಕಿ ಇತ್ತು. ಹಾಸಿಗೆ ಮೆತ್ತಗಿತ್ತು...

ಮುಂದಿನದ್ದು ಹೆಂಡತಿ ಹೇಳಿದ್ದು. ಹುಡುಗಿ ನಿಜವಾಗಿಯೂ ಕೂಗಿದಳಂತೆ. ಪಕ್ಕದ ಮನೆಯಾಕೆ ಕಿಟಕಿ ತೆಗೆದು ಏನಾಯಿತು ಅಂತ ಕೇಳಿದರಂತೆ. ನಾನು ಅಲುಗಲಿಲ್ಲ. ಹೆಂಡತಿಗೆ ಗುಮಾನಿ ಬಂತು. ತಟ್ಟೆ ಬಡಿದಳು. ಗಂಟೆಯ ಕಾಲುಚೀಲ ಕಿತ್ತು ಬಾರಿಸಿದಳು. ಕೊರಡಿನ ಹಾಗೆ ಬಿದ್ದಿದ್ದೆನಂತೆ. ಕೊನೆಗೆ ಹೊಲಿಗೆ ಮಿಷನ್ನನ್ನು ನನ್ನ ತಲೆದಿಂಬಿನ ಪಕ್ಕಕ್ಕೇ ಎಳೆದು ತಂದು ತುಳಿಯತೊಡಗಿದಳು. ಗೊರಕೆ ಇನ್ನೂ ಜೋರಾಯಿತಂತೆ. ಒಂದು ಲಂಗದ ಅಂಚನ್ನು ಒಂದೇ ಓಟಕ್ಕೆ ಹೊಲಿದು ಮುಗಿಸಿ ದಾರ ಕಡಿಯಲು ಮಿಷನ್ ನಿಲ್ಲಿಸಿದಳು ನೋಡು —

ತಟ್ಟನೆ ಎದ್ದು ಕೂತೆ. "ಏನಾಯ್ತು? ಏನಾಯ್ತು?"

ಎದುರಿಗೆ ಹೆಂಡತಿ, ಸೊಂಟದ ಮೇಲೆ ಕೈ.

"ಏನಾಯ್ತಾ? ಇಷ್ಟು ವರ್ಷ ಹಗಲೊತ್ತು ಮಿಷನ್ ಮುಟ್ಟಿಲ್ಲ ನಾನು. ರಾತ್ರಿ ಕೂತು ಕಣ್ಣು ಕಿತ್ಕೊಂಡು ಹೊಲ್ದಿದೀನಿ. ಒಗ್ಗರಣೆ ಚಟಪಟ ಅಂದ್ರೆ ಪ್ಲೇಟ್ ಮುಚ್ತಿದ್ದೆ. ಕೆಮ್ಮು ಬಂದ್ರೆ ಬೀದಿಗೆ ಹೋಗಿ ಕೆಮ್ಮಿದೀನಿ ಕಣ್ರೀ. ಬೀದಿಗೆ."

ಮದುವೆಯಾದ ಹೊಸತರಲ್ಲಿ ಒಂದು ದಿನ ನಿದ್ದೆ ಕೆಟ್ಟು ತಲೆನೋವು ಅಂದಿದ್ದೆನಂತೆ. ಅವತ್ತೇ ಕಾನೂನು ಜಾರಿಗೆ ಬಂದಿತ್ತು.

ದಿನಾ ಮಧ್ಯಾಹ್ನ ಎರಡಕ್ಕೆ ದಡಕ್ಕನೆ ಎಚ್ಚರ ಆಗುವುದು ಯಾಕೆ ಅಂತಲೂ ಹೊಳೆಯಿತು. ಬಿಲ್ಡಿಂಗಿನ ನೀರಿನ ಮೋಟರ್. ಮಧ್ಯಾಹ್ನ ಶುರುವಾಗಿ ಎರಡಕ್ಕೆ ನಿಲ್ಲುತ್ತದೆ. ನಾನೂ ಬೆಲ್ಟ್ ಮಾವನೂ ಒಂದೇ ಜಾತಿ.

ಹೆಂಡತಿ ಸಂಜೆಯವರೆಗೆ ಮುಖ ಊದಿಸಿಕೊಂಡಿದ್ದಳು. ಆಮೇಲೆ ಪಾತ್ರೆ ತೊಳೆಯುತ್ತಾ ಒಬ್ಬಳೇ ನಗತೊಡಗಿದಳು. ನಾನೂ ಹೋಗಿ ಪಕ್ಕದಲ್ಲಿ ನಿಂತು ನಕ್ಕೆ. ಹೊಟ್ಟೆ ಹುಣ್ಣಾಯಿತು.

ಆದರೆ ಮಗಳು ನಗಲಿಲ್ಲ. ಮಲಗಿಸಲು ಹೋದೆ. ಗೋಡೆಗೆ ಮುಖ ಮಾಡಿದ್ದಳು. ದನಿ ಮತ್ತೆ ಇಲಿಮರಿಯದು.

"ಎಷ್ಟು ಕೂಗಿದ್ರೂ ನಿಂಗೆ ಕೇಳಿಸ್ಲೇ ಇಲ್ಲ. ನಂಗೆ ಆಗಲ್ಲ ಅಪ್ಪಾ."

ನಾನೇ ಹೇಳಿದ ಕೆಲಸ. ನಾನೇ ಕೆಡಿಸಿದೆ. ಗಾಢ ನಿದ್ದೆಯವನನ್ನು ಎಬ್ಬಿಸುವುದು ಕಷ್ಟ ಮಗಾ, ತಪ್ಪು ನಿಂದಲ್ಲ ಅಂದೆ. ನಂಬಲಿಲ್ಲ.

ಗುರುವಾರ, 12. ಸಂಜೆ

ಮೂರು ದಿನ ಬರೆಯಲಿಲ್ಲ. ದಿಂಬಿಗೆ ತಲೆ ಕೊಟ್ಟದ್ದೊಂದೇ ಗೊತ್ತು. ಹೆಂಡತಿ ಈಗ ಹಗಲೆಲ್ಲ ಮಿಷನ್ ತುಳಿಯುತ್ತಾಳೆ, ಸೇಡು ತೀರಿಸಿಕೊಳ್ಳುವವಳ ಹಾಗೆ. ನನಗೆ ಇಂಥ ನಿದ್ದೆ ಯಾವತ್ತೂ ಬಂದಿರಲಿಲ್ಲ.

ಇವತ್ತು ರಿಹರ್ಸಲ್ ಆಯಿತು. ಪಾತ್ರ ಉಳಿದಿದೆ. ಪೂರ್ತಿ ಅಲ್ಲ. ಮಧ್ಯದ ಸಾಲಿನವರೆಗೆ ಕೇಳಿಸಿತಂತೆ. ಮಿಸ್ ನೋಡೋಣ ಅಂದರಂತೆ.

"ಮಿಷನ್ ಓಡುವಾಗ ನನ್ನ ಹತ್ರ ಏನಾದ್ರೂ ಕೇಳ್ಬೇಕಲ್ಲ ಅವ್ಳು" ಅಂದಳು ಹೆಂಡತಿ. "ನಂಗೆ ಕೇಳಿಸಲ್ಲ. ಹಾಂ? ಹಾಂ? ಅಂತೀನಿ. ಒಂದೊಂದ್ಸಲ ಕೇಳಿಸಿದ್ರೂ ಹಾಂ ಅಂತೀನಿ."

ಎಂಥ ಹೆಂಗಸು.

ಸೂಪರ್‌ವೈಸರಿಗೆ ಶನಿವಾರ ಕಳೆಯಲಿ, ಹೇಳುತ್ತೇನೆ ಅಂದಿದ್ದೇನೆ. ಕೊನೆಯ ಸಾಲಿಗೆ ಕೇಳಿಸದಿದ್ದರೆ ಡೇ ಶಿಫ್ಟ್. ಮಿಷನ್ ಸದ್ದು ನಾಲ್ಕು ದಿನದ್ದು, ಪಿಸುಮಾತು ಏಳು ವರ್ಷದ್ದು. ನಾನು ಹಗಲು ಎದ್ದಿರುವುದನ್ನು ಅವಳು ನೋಡಬೇಕು. ನಿಶ್ಚಯ.

ಮಗಳು ಒಂದೇ ಕೇಳಿದಳು. "ಕೊನೇ ಸಾಲಲ್ಲಿ ಕೂತ್ಕೋತೀಯಾ? ಕೇಳಿಸಿದ್ರೆ ಕೈ ಎತ್ತು." ಮಾತು ಕೊಟ್ಟೆ.

ಶನಿವಾರ, 14. ಸಂಜೆ 6

ಸುಸ್ತಾಗಿದೆ. ನಕ್ಕು.

ಫ್ಯಾಕ್ಟರಿಯಿಂದ ಬಂದವನು ಮಲಗಲೇ ಇಲ್ಲ. ಮಲಗಿದರೆ ಎದ್ದೇನು ಅನ್ನುವ ಧೈರ್ಯ ಇರಲಿಲ್ಲ. ತಣ್ಣೀರು, ಕಾಫಿ, ಮತ್ತೆ ತಣ್ಣೀರು. ಮಧ್ಯಾಹ್ನ ಶಾಲೆಯ ಹಾಲಿನ ಕೊನೆಯ ಸಾಲಿನಲ್ಲಿ, ಗೋಡೆಗೆ ಒರಗುವ ಕುರ್ಚಿ. ಅದೇ ಎಡವಟ್ಟಾಯಿತು. ತಲೆಯ ಮೇಲೆ ಫ್ಯಾನು ಕಟಕಟ. ಮುಂದೆ ನೂರಾರು ಮಕ್ಕಳ ಗಲಾಟೆ. ಸ್ಪೀಕರ್ ಬೇರೆ ಗೊರಗೊರ. ನನಗೆ ಹೇಳಿ ಮಾಡಿಸಿದ ಜಾಗ. ಮೊದಲ ಹಾಡು ನೆನಪಿದೆ. ಎರಡನೆಯದು ಇಲ್ಲ.

ಆಮೇಲೆ ಎಲ್ಲೋ ದೂರದಲ್ಲಿ ಬಾಗಿಲು ತಟ್ಟಿದ ಸದ್ದು.

"ಯಾರಿದ್ದೀರಿ ಮನೇಲಿ? ಬಾಗಿಲು ತೆಗೀರಿ, ಟಪಾಲು ಬಂದಿದೆ!"

"ಬಂದೆ ಬಂದೆ" ಅಂತ ನಾನು ಎದ್ದು ನಿಂತೆ. ಗಂಟಲು ಹರಿಯುವ ಹಾಗೆ ಕೂಗಿಬಿಟ್ಟಿದ್ದೆ. ಚಪ್ಪಲಿ ಹುಡುಕುತ್ತಿದ್ದೆ. ಬಾಗಿಲು ಎಲ್ಲಿದೆ ಅಂತ ನೋಡಿದರೆ ಹಾಲಿಗೆ ಹಾಲೇ ತಿರುಗಿ ನನ್ನನ್ನು ನೋಡುತ್ತಿದೆ. ಹೆಂಡತಿ ನನ್ನ ಅಂಗಿ ಹಿಡಿದು ಜಗ್ಗುತ್ತಿದ್ದಾಳೆ. ಸ್ಟೇಜಿನ ಮೇಲೆ ಖಾಕಿ ಚೀಲ ನೇತುಹಾಕಿಕೊಂಡ ಪೋಸ್ಟ್‌ಮ್ಯಾನ್, ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಾಳೆ.

ಮುಗಿಯಿತು ಅಂದುಕೊಂಡೆ. ಮಾತು ಮರೆತುಹೋಗಿರುತ್ತದೆ, ಅಳುತ್ತಾಳೆ, ಎಲ್ಲ ನನ್ನಿಂದ ಅಂದುಕೊಂಡೆ. ಕೈ ಎತ್ತಿದೆ. ಕೊಟ್ಟ ಮಾತು, ಇನ್ನೇನು ಮಾಡಲಿ. ಎರಡೂ ಕೈ ಎತ್ತಿದೆ.

ಅವಳ ಮುಖ ಅರಳಿದ್ದು ಕೊನೆಯ ಸಾಲಿನಿಂದ ಕಂಡಿತು. ಆಮೇಲೆ ಸೊಂಟದ ಮೇಲೆ ಕೈ ಇಟ್ಟಳು, ಅಮ್ಮನ ಹಾಗೆಯೇ. ಇದ್ದಬದ್ದ ಉಸಿರೆಲ್ಲ ಕಟ್ಟಿ —

"ಅಪ್ಪಾ, ನೀನಲ್ಲ! ನೀನು ಮಲ್ಕೋ!"

ಆ ದನಿಯ ಮುಂದೆ ಫ್ಯಾನಿನ ಸದ್ದು ಕೇಳಿಸಲಿಲ್ಲ. ಸ್ಪೀಕರಿನದೂ ಕೇಳಿಸಲಿಲ್ಲ. ಹಾಲ್ ಪೂರ್ತಿ ನಕ್ಕಿತು. ಅವಳು ಹೆದರಲಿಲ್ಲ. ನಗು ಇಳಿಯುವವರೆಗೆ ಕಾದು, ಬಾಗಿಲು ಮತ್ತೆ ತಟ್ಟಿ, ಮಾತನ್ನು ಮತ್ತೊಮ್ಮೆ ಪೂರ್ತಿ ಹೇಳಿದಳು. ನನಗೆ ಕಣ್ಣೀರು ಬಂತು. ನಿದ್ದೆಗೆಟ್ಟ ಕಣ್ಣು ಅಂತ ಹೆಂಡತಿಗೆ ಹೇಳಿದೆ. ಅವಳು ನಂಬಲಿಲ್ಲ.

ಬರುವ ದಾರಿಯಲ್ಲಿ ಹೆಂಡತಿಯನ್ನು ಕೇಳಿದೆ. "ನಿಜ ಹೇಳು. ಸದ್ದು ನಿಂತಿದ್ದಕ್ಕೆ ಎಚ್ಚರ ಆಯ್ತಾ ನಂಗೆ?"

"ಎಲ್ಲಿ ನಿಂತಿತ್ತು? ಮಕ್ಕಳು ಬಡ್ಕೋತಾನೇ ಇದ್ವು. ಅವ್ಳೇ ಎಬ್ಬಿಸಿದ್ದು ನಿಮ್ಮನ್ನ."

ಮಗಳು ಮುಂದೆ ಓಡುತ್ತಿದ್ದಳು. ಪ್ರತಿ ಮನೆಯ ಬಾಗಿಲ ಮುಂದೆ ನಿಂತು ಯಾರಿದ್ದೀರಿ ಮನೇಲಿ ಅನ್ನುತ್ತಾ. ನಾವು ತಡೆಯಲಿಲ್ಲ.

ಮಂಗಳವಾರ, 17. ಬೆಳಗ್ಗೆ 8

ಸ್ನಾನ ಆಯಿತು. ಕಿವಿಯೊಳಗಿನ ಮೈದಾ ಹಾಗೇ ಇದೆ. ಡೇ ಶಿಫ್ಟ್ ಬೇಡ ಅಂತ ರಾತ್ರಿ ಹೇಳಿಬಿಟ್ಟೆ. ಸೂಪರ್‌ವೈಸರ್ ಅಯ್ಯೋ ಪಾಪ ಅನ್ನುವ ಹಾಗೆ ನೋಡಿದ. ನಾನೂ ಪಾಪದ ಮುಖ ಮಾಡಿದೆ.

ಕಾಲುಚೀಲ ಜೋಡಿ ಸೇರಿತು. ಬಾಗಿಲ ಗಂಟೆ ಬರಿಮೈಯಲ್ಲಿದೆ. ಹಾಲಿನವನು ಎರಡು ಸಲ ಬಾರಿಸಿದ, ಖುಷಿಗೆ.

"ಅಮ್ಮಾ, ನನ್ನ ಶೂ ಎಲ್ಲಿ?" ಬೀದಿಯ ತುದಿಗೆ ಕೇಳಿಸಿರಬೇಕು.

"ಹಾಂ?"

"ಶೂ ಎಲ್ಲೀ ಅಂದೆ!"

ಮಿಷನ್ ಶುರುವಾಯಿತು. ಏನೋ ಉದ್ದದ ಹೊಲಿಗೆ ಇರಬೇಕು, ನಿಲ್ಲುತ್ತಲೇ ಇಲ್ಲ. ಕಣ್ಣು ಎಳೆಯುತ್ತಿದೆ. ಇನ್ನೊಂದು ವಿಷಯ ಬರೆಯಬೇಕಿತ್ತು, ನಿನ್ನೆ ಬೆಲ್ಟ್ ಮಾವ ಹೇಳಿದ್ದು, ತುಂಬಾ ಚೆನ್ನಾಗಿದೆ, ಅವನ ಹೆಂಡತಿಯೂ ಇಷ್ಟು ವರ್ಷ ಬಾಗಿಲ ಗಂಟೆಗೆ ಕಾಲು