ಚರ್ಚಿಲ್ಲದ ಮನೆಗೆ ಯಾರು ಹೋಗಬೇಕಿತ್ತು?

ಮಾನ್ಯ ತುರ್ತು ಪರಿಹಾರ ಅಧಿಕಾರಿಗಳೇ,

ಚಳಿಗೆ ಮನೆ ಮನೆಯ ಭೇದವಿಲ್ಲ ಎಂಬರ್ಥದ ಸಾಲೊಂದನ್ನು ಹಿಂದೆಲ್ಲೋ ಓದಿದ್ದೆ. ಬರೆದವರು ಯಾರೋ, ಮುಂದಿನ ಸಾಲು ಏನೋ, ಮರೆತಿದೆ. ಅದು ನಿಜವೇ ಎಂದು ಈಗ ಅನುಮಾನ. ಚಳಿಗೆ ಭೇದವಿಲ್ಲದಿರಬಹುದು, ನಿಮ್ಮ ಕಚೇರಿಗೆ ಇದೆ. ಫೆಬ್ರವರಿಯ ಹಿಮಗಾಳಿಯಲ್ಲಿ ಲೂಷಿಯಸ್ ಬ್ರಾಡ್ನ್ಯಾಕ್ಸ್ ತಮ್ಮ ಮನೆಯಲ್ಲೇ ಮರಗಟ್ಟಿ ಸತ್ತರು. ಅವರು ಯಾವ ಚರ್ಚಿಗೂ ಸೇರಿರಲಿಲ್ಲ. ಹಾಗಾಗಿ ಅವರ ಬಾಗಿಲು ತಟ್ಟುವುದು ಯಾರ ಕೆಲಸವೂ ಆಗಿರಲಿಲ್ಲ.

ನಮ್ಮ ಕಡೆಯ ವೃದ್ಧರನ್ನು ವಿಚಾರಿಸಿಕೊಳ್ಳುವ ಹೊಣೆಯನ್ನು ನೀವು ಕಪ್ಪು ಜನರ ಚರ್ಚುಗಳಿಗೆ ಹಂಚಿದ್ದೀರಿ. ಚರ್ಚುಗಳನ್ನು ನಾನು ಹಳಿಯುತ್ತಿಲ್ಲ. ಅಲಬಾಮಾದ ಈ ಊರಿನಲ್ಲಿ ನಮ್ಮ ಅಜ್ಜಂದಿರಿಗೆ ಅಕ್ಷರ ಕಲಿಸಿದ್ದು, ಮತ ಹಾಕಲು ಜೊತೆಗೆ ನಡೆದದ್ದು, ಗೌರವದಿಂದ ಮಣ್ಣು ಮಾಡಿದ್ದು ಚರ್ಚೇ, ಸರ್ಕಾರವಂತೂ ಅಲ್ಲ. ಈ ಸಲವೂ ಆ ಜನ ಜಾರುವ ರಸ್ತೆಯಲ್ಲಿ ಕಂಬಳಿ, ಬಿಸಿ ಸೂಪು ಹೊತ್ತು ತಮ್ಮವರನ್ನೆಲ್ಲ ಕಂಡುಬಂದರು. ತಮ್ಮವರಲ್ಲದವರನ್ನು ಕಾಣುವುದು ನಿಮ್ಮ ಕೆಲಸವಲ್ಲವೇ? ಅದಕ್ಕಲ್ಲವೇ ನಿಮಗೊಂದು ಕುರ್ಚಿ ಕೊಟ್ಟಿರುವುದು?

ದೇವರನ್ನು ನಂಬದ ಕಪ್ಪು ಜನರ ಪುಟ್ಟ ಗುಂಪು ನಮ್ಮದು. ಇಲ್ಲಿ ಚರ್ಚು ಬಿಡುವುದೆಂದರೆ ಪ್ರಾರ್ಥನೆಯನ್ನಷ್ಟೇ ಬಿಡುವುದಲ್ಲ. ಹೆರಿಗೆಗೆ, ಕಾಯಿಲೆಗೆ, ಸಾವಿಗೆ ಅಡುಗೆ ಹೊತ್ತು ಬರುವ ಕೈಗಳನ್ನೆಲ್ಲ ಒಮ್ಮೆಗೇ ಕಳೆದುಕೊಳ್ಳುವುದು. ಅದಕ್ಕೇ ನಾವು ಒಬ್ಬರಿಗೊಬ್ಬರು ಅಡುಗೆ ಹೊರುತ್ತೇವೆ. ಚಳಿಗಾಲಕ್ಕೆ ಮುಂಚಿನ ನಿಮ್ಮ ಸಭೆಯಲ್ಲಿ ನಮಗೂ ಒಂದೆರಡು ಬೀದಿ ವಹಿಸಿಕೊಡಿ ಎಂದು ಕೇಳಿದೆ. ನೀವು ಅಂದದ್ದು ನೆನಪಿದೆಯೇ?

"ಯಾವ ಚರ್ಚು ತಂಗಿ ನಿಮ್ದು?"

"ಯಾವ್ದೂ ಇಲ್ಲ."

"ನಮ್ಮೋರಲ್ಲಿ ಚರ್ಚಿಲ್ದೋರು ಯಾರಮ್ಮ ಇದಾರೆ? ನೀವು ಹೋಗ್ದಿದ್ರೆ ನಿಮ್ಮಮ್ಮ ಹೋಗ್ತಾರಲ್ಲ, ಅದನ್ನೇ ಹೇಳಿ."

ಸಭೆ ನಕ್ಕಿತು. ಪಕ್ಕದಲ್ಲಿದ್ದ ಲೂಷಿಯಸ್, ಶಾಲೆಯಲ್ಲಿ ತುತ್ತೂರಿ ಕಲಿಸಿ ನಿವೃತ್ತರಾದವರು, ಎದ್ದು ನಿಂತರು. "ನಮ್ಮಮ್ಮ ಮಣ್ಣಿಗೆ ಹೋಗಿ ಮೂವತ್ತು ವರ್ಷ ಆಯ್ತು ಸಾರ್. ಅವಳು ಎದ್ದು ಬಂದು ನನ್ ಬಾಗಿಲು ತಟ್ಟಲ್ಲ."

ಸಭೆ ಇನ್ನಷ್ಟು ನಕ್ಕಿತು. ನೀವೂ ನಕ್ಕಿರಿ.

ಹಿಮ ಬಿತ್ತು, ವಿದ್ಯುತ್ ಹೋಯಿತು, ಸೇತುವೆ ಮುಚ್ಚಿದರು. ಹೊಳೆಯ ಈಚೆ ಸಿಕ್ಕಿಬಿದ್ದ ನಾನು, ಆಚೆ ದಡದ ಲೂಷಿಯಸ್ ಮನೆಗೆ ಯಾರನ್ನಾದರೂ ಕಳಿಸಿ ಎಂದು ನಿಮ್ಮ ಕಚೇರಿಗೆ ಫೋನ್ ಮಾಡಿದೆ.

"ಅವರ ಪಾಸ್ಟರ್‌ಗೆ ತಿಳಿಸಿ ಮೇಡಂ, ಅವರೇ ನೋಡ್ಕೋತಾರೆ," ಎಂದಳು ನಿಮ್ಮ ಕಚೇರಿಯ ಹುಡುಗಿ.

"ಅವರಿಗೆ ಪಾಸ್ಟರ್ ಇಲ್ಲಮ್ಮ."

"ಹಂಗಾದ್ರೆ ನಾನು ಯಾರಿಗೆ ಹೇಳ್ಲಿ?"

ಅವಳ ತಪ್ಪಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ನೀವು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಸೇತುವೆ ತೆರೆದ ಮೇಲೆ ಹೋಗಿ ನೋಡಿದರೆ ಲೂಷಿಯಸ್ ಓವರ್‌ಕೋಟು ತೊಟ್ಟು, ಟೊಪ್ಪಿ ಇಟ್ಟು, ಬಾಗಿಲಿಗೆ ಮುಖಮಾಡಿ ಕುರ್ಚಿಯಲ್ಲಿ ಕೂತೇ ಇದ್ದರು.

ನಮ್ಮ ಒತ್ತಾಯ ಇಷ್ಟೇ: ಮುಂದಿನ ಚಳಿಗಾಲಕ್ಕೆ ಹೊಣೆಯನ್ನು ಚರ್ಚುವಾರು ಬಿಟ್ಟು ಬೀದಿವಾರು ಹಂಚಿ. ಒಂದು ಬೀದಿ ನಮಗೂ ಕೊಡಿ. ಪ್ರಾರ್ಥನೆ ಮಾಡುವವರ ಮನೆಗೂ ನಾವು ಸೂಪು ಒಯ್ಯುತ್ತೇವೆ.

ಅಂದು ಶವ ಸಾಗಿಸಿದ ಮೇಲೆ ಪಕ್ಕದ ಮನೆಯ ಅರ್ನೆಸ್ಟೀನ್ ಅಜ್ಜಿ ಬಾಗಿಲಿಗೆ ಬಂದು, "ಭಾನುವಾರ ಬೆಳಿಗ್ಗೆ ಅವ್ರು ಸೂಟು ಹಾಕ್ಕೊಂಡು ಹೊರಡ್ತಿದ್ರಲ್ಲ, ಯಾವ ಚರ್ಚಮ್ಮ ಅದು?" ಎಂದು ಕೇಳಿದರು. ಚರ್ಚಿಗಲ್ಲ, ನಮ್ಮ ಗುಂಪಿಗೆ ಬರುತ್ತಿದ್ದರು ಎಂದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನಮ್ಮನೇದು ಗ್ಯಾಸ್ ಒಲೆ ಮಗಳೇ, ಅಷ್ಟು ದಿನಾನೂ ಉರೀತಾನೇ ಇತ್ತು. ಅವರ ಚರ್ಚಿನೋರು ಬಂದು ಕರ್ಕೊಂಡು ಹೋಗಿರ್ತಾರೆ ಅಂತ ನಾನು ಕರೀಲೇ ಇಲ್ಲ."

ಇಂತಿ,
ಯಾವ ಚರ್ಚಿನವಳೂ ಅಲ್ಲದ, ಆದರೂ ಇದೇ ಊರಿನವಳಾದ
ಡೆಲ್ಫೀನ್ ರೇನ್ಸ್