ಎನ್‌ಕ್ವಾಯರಿ ಎಂದರೆ ಹುಡುಕುವುದು

ಮಾನ್ಯ ಸಬ್ ಇನ್ಸ್‌ಪೆಕ್ಟರ್ ಸಾಹೇಬರಿಗೆ,

ನಮ್ಮ ಅವ್ವ ಫಕೀರವ್ವ ಕಾಣೆಯಾದ ಬಗ್ಗೆ ಎನ್‌ಕ್ವಾಯರಿ ಜಾರಿಯಲ್ಲಿದೆ ಎಂಬ ನಿಮ್ಮ ಕಾಗದ ನಿನ್ನೆ ಬಂತು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಆ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ಅದರ ಮೊದಲ ಅರ್ಥ ಹುಡುಕುವುದು. ಕೇಳುವುದು ಆಮೇಲೆ ಸೇರಿಕೊಂಡದ್ದು.

ನಿಮ್ಮ ಹವಾಲ್ದಾರರು ಎರಡು ಸಲ ಮನೆಗೆ ಬಂದು ಕೇಳಿದರು. "ಸೊಸಿ ಜೋಡಿ ಜಗಳಾಗಿತ್ತೇನ್ರಿ? ಹೊಲ ಯಾರ ಹೆಸರಿಗೈತಿ?" ಅವ್ವನಿಗೆ ಮರೆವಿನ ರೋಗ, ಯಮನೂರಿನ ದರ್ಗಾಕ್ಕೆಂದು ಹೊರಟಿರಬೇಕು, ಆ ದಾರಿಯಲ್ಲಿ ನೋಡಿ ಎಂದೆ. "ಮೊದ್ಲ ಎನ್‌ಕ್ವಾಯರಿ ಮುಗೀಲಿ, ತಡೀರಿ ಅಕ್ಕಾರ," ಎಂದರು.

ನಾನೂ ಅಣ್ಣನೂ ಊರೂರು ಅಲೆದೆವು. ಒಂಬತ್ತನೇ ದಿನ ಅದೇ ಯಮನೂರಿನ ದಾರಿಯ ತಿರ್ಲಾಪುರದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸೊಬ್ಬಳು ಹೇಳಿದಳು: "ಒಬ್ಬಾಕಿ ಮುದುಕಿ ನಾಕ್ ದಿನದಿಂದ ಆ ಗುಡಿಸಲದಾಗ ಅದಾಳವ್ವಾ. ಊರು ಕೇಳಿದ್ರ ಬರೇ ಅಳತಾಳ. ಪೊಲೀಸರು ಯಾರೂ ಈ ಕಡಿ ಬಂದಿಲ್ಲ."

ಅವ್ವ ಜ್ವರದಲ್ಲಿ ಬೇಯುತ್ತಿದ್ದಳು. ನನ್ನನ್ನು ನೋಡಿ, "ನೀ ಯಾರ ಮಗಳವ್ವಾ?" ಎಂದು ಕೇಳಿದಳು. ಸಿಕ್ಕ ಮೂರನೆಯ ದಿನ ತೀರಿಕೊಂಡಳು. ಅದನ್ನು ಅಣ್ಣ ಅಂದೇ ಠಾಣೆಗೆ ಬಂದು ತಿಳಿಸಿದ್ದಾನೆ. ಯಾರೂ ಬರೆದುಕೊಂಡಂತಿಲ್ಲ.

ಈಗ ನಿಮ್ಮ ಎನ್‌ಕ್ವಾಯರಿ ಮುಗಿಸಿಬಿಡಿ. ಬಸ್‌ಸ್ಟ್ಯಾಂಡಿನ ಗೋಡೆಗಳಿಗೆ ಅಂಟಿಸುತ್ತೇವೆಂದು ಒಯ್ದ ಅವ್ವನ ಫೋಟೋ ಮರಳಿಸಿ. ನಮ್ಮಲ್ಲಿದ್ದದ್ದು ಅದೊಂದೇ. ಎಲ್ಲಿಯೂ ಅಂಟಿಸಿಲ್ಲವಾದ್ದರಿಂದ ಕೆಟ್ಟಿರಲಿಕ್ಕಿಲ್ಲ. ನಮ್ಮ ಮನೆಯ ಗೋಡೆಗೆ ಹಾಕಬೇಕಾಗಿದೆ.

ಇಂತಿ,
ಫಕೀರವ್ವನ ಮಗಳು
ಮಲ್ಲಿಕಾ