ಅಮ್ಮನ ಮುಖ ನೋಡಲು ಬಂದವರು

ಸುದ್ದಗುಂಟೆಪಾಳ್ಯ, ಬೆಂಗಳೂರು
17 ನವೆಂಬರ್ 2008, ಸೋಮವಾರ

ನನ್ನ ಮಗಳು ಬಿಂದುಶ್ರೀಗೆ ಅಪ್ಪನ ತುಂಬು ಆಶೀರ್ವಾದ.

ಹೇಗಿದ್ದೀಯಮ್ಮಾ? ಎಡಗೈ ಮಣಿಕಟ್ಟು ಈ ಚಳಿಗೆ ಮತ್ತೆ ನೋಯುತ್ತಿದೆಯೇ? ಮೂಳೆ ಕೂಡಿಕೊಂಡರೂ ಎರಡು ಮೂರು ಚಳಿಗಾಲ ನೋವು ಇದ್ದೇ ಇರುತ್ತದೆ ಎಂದು ಕಟ್ಟು ಹಾಕಿದವರು ಹೇಳಿದ್ದರು. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ. ಶಾಲೆಯಲ್ಲಿ ಪಾಠ ಹೇಳುವಾಗ ಬೋರ್ಡು ಒರೆಸುವುದು, ಬೆಂಚು ಎಳೆಯುವುದು ಇಂಥದ್ದಕ್ಕೆಲ್ಲ ಆ ಕೈ ಹಾಕಬೇಡ. ಹಾಸ್ಟೆಲಿನ ಊಟ ಹೇಗಿದ್ದರೂ ಹೊಟ್ಟೆ ತುಂಬ ತಿನ್ನು. ದುಃಖದಲ್ಲಿ ಉಪವಾಸ ಬೀಳುವುದು ನಿನಗೆ ನಿನ್ನ ಅಮ್ಮನಿಂದಲೇ ಬಂದದ್ದು. ಇನ್ನು ಇಲ್ಲಿನದು. ಕಾಗದದಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿನ್ನಮ್ಮ ಹೋದಾಗಿನಿಂದ ಆ ಪದ ಬರೆಯಲು ಕೈ ಏಳುತ್ತಿಲ್ಲ. ದಿನಚರಿಯಲ್ಲೂ ಅಷ್ಟೇ, ತಾರೀಖು ಹಾಕುತ್ತೇನೆ, ಮುಚ್ಚುತ್ತೇನೆ. ನಿನ್ನ ತಮ್ಮ ಮನು ಇದ್ದಾನೆ, ನಾನಿದ್ದೇನೆ. ಅಷ್ಟು ತಿಳಿದುಕೋ.

ನಿನ್ನೆ ಸಂಜೆ ವಾರ್ಡನ್ ಹುಲಿಗೆವ್ವನವರು ನಿನ್ನನ್ನು ಕರೆದು, ನಾಳೆ ಶಾಲೆಗೆ ಹೋಗಬೇಡ, ಗೇಟಿನಾಚೆ ಕಾಲಿಡಬೇಡ ಎಂದಾಗ ನೀನು ಗಾಬರಿಯಾಗಿರುತ್ತೀಯ. ಹಾಗೆ ಹೇಳಿ ಎಂದು ಬಸವಂತನ ಹೆಂಡತಿ ಶೈಲಶ್ರೀಯಿಂದ ಫೋನ್ ಮಾಡಿಸಿದವನು ನಾನೇ. ಹುಲಿಗೆವ್ವನವರು ಅವಳ ಸ್ವಂತ ಸೋದರತ್ತೆಯಾದ್ದರಿಂದ ಮರುಪ್ರಶ್ನೆ ಕೇಳದೆ ಒಪ್ಪಿಕೊಂಡರು. ಕಾರಣ ಹೇಳಲು ನಾನು ಫೋನ್ ಈಸಿಕೊಂಡೆ, ಹೇಳದೆಯೇ ವಾಪಸ್ ಕೊಟ್ಟುಬಿಟ್ಟೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ನಿಧಾನವಾಗಿ ಓದು.

ಮನು ಮತ್ತು ನಮ್ಮ ಮಹಡಿ ಬಾಡಿಗೆಯ ಬಸವಂತ ಸೇರಿ ನಡೆಸುವ ನಕ್ಷೆಯ ವ್ಯವಹಾರ ನಿನಗೆ ಅಷ್ಟಾಗಿ ಗೊತ್ತಿಲ್ಲ. ನೀನು ಮದುವೆಯಾಗಿ ಗೊಟ್ಟಿಗೆರೆಯ ಮನೆಯಲ್ಲಿದ್ದಾಗ ಶುರುವಾದದ್ದು. ಆಗ ನಮ್ಮ ಸುದ್ದಿ ನಿನಗೆ ಮುಟ್ಟುತ್ತಿದ್ದುದೇ ಕಡಿಮೆ. ಇಂಟರ್ನೆಟ್ಟಿನಲ್ಲಿ ಈಗ ಎಲ್ಲರಿಗೂ ತಮ್ಮದೊಂದು ಪುಟ ಇರುತ್ತದಂತೆ, ಫೋಟೋ ಹಾಕಿಕೊಳ್ಳುವುದಕ್ಕೆ, ಗೆಳೆಯರ ಜೊತೆ ಹರಟುವುದಕ್ಕೆ. ಆ ಪುಟದ ಅಡಿಯಲ್ಲಿ ಇವರು ಕೊಡುವ ನಾಲ್ಕು ಸಾಲು ಅಂಟಿಸಿದರೆ ಅಂಗೈಯಗಲದ ಪ್ರಪಂಚದ ನಕ್ಷೆ ಮೂಡುತ್ತದೆ. ಪುಟ ನೋಡಲು ಯಾರು ಎಲ್ಲಿಂದ ಬಂದರೂ ಅವರ ಊರಿನ ಮೇಲೊಂದು ಕೆಂಪು ಚುಕ್ಕೆ ಬೀಳುತ್ತದೆ. ಒಂದೇ ಊರಿಂದ ಮತ್ತೆ ಮತ್ತೆ ಬಂದರೆ ಚುಕ್ಕೆ ದಪ್ಪವಾಗುತ್ತದೆ. ಚುಕ್ಕೆಯ ಮೇಲೆ ಬಾಣ ತಂದಿಟ್ಟರೆ ಊರಿನ ಹೆಸರು ಕಾಣುತ್ತದೆ. ಯಾರು ಬಂದರೇನು, ಎಲ್ಲಿಂದ ಬಂದರೇನು ಎಂದು ನಾನು ಮೊದಮೊದಲು ಗೊಣಗಿದ್ದೆ. ಆದರೆ ಬ್ರೆಜಿಲ್ಲಿನವರು, ಪೋಲೆಂಡಿನವರು ಎಲ್ಲ ತಮ್ಮ ಪುಟಕ್ಕೆ ಇದನ್ನು ಹಾಕಿಕೊಂಡರು. ನಾವು ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಕಟ್ಟಿದ ಮನೆಯ ಮಹಡಿಯಿಂದ ಅಷ್ಟು ದೂರದವರ ಅತಿಥಿಗಳನ್ನು ನೋಡಿಕೊಳ್ಳುತ್ತಾರಲ್ಲ ಎಂದು ನಿನ್ನಮ್ಮ ಹಿಗ್ಗುತ್ತಿದ್ದಳು. ಕೆಲಸ ಮಾಡುವ ಯಂತ್ರ ಮಾತ್ರ ಅಮೆರಿಕದಲ್ಲಿದೆ, ತಿಂಗಳ ಬಾಡಿಗೆಗೆ. ಅಲ್ಲೂ ನನ್ನ ಹಾಗೆ ಬಾಡಿಗೆ ಕೇಳುವವನೊಬ್ಬ ಇದ್ದಾನೆ ಎಂದು ಬಸವಂತ ನಗಿಸುತ್ತಿದ್ದ.

ನಿನ್ನಮ್ಮ ತೀರಿಕೊಂಡ ದಿನ ನೀನು ಮಣ್ಣಿಗೆ ಬರುವ ಹಾಗಿರಲಿಲ್ಲ. ಬಂದಿದ್ದರೆ ಗೊಟ್ಟಿಗೆರೆಯವರು ನಿನ್ನನ್ನು ಇಲ್ಲಿಂದಲೇ ಎಳೆದುಕೊಂಡು ಹೋಗುತ್ತಿದ್ದರು. ಹೆತ್ತ ಮಗಳು ಮುಖ ನೋಡದೆ ಮಣ್ಣು ಮಾಡಬೇಕಾಯಿತಲ್ಲ ಎಂದು ನಾನು ಸಂಕಟಪಡುವುದನ್ನು ನೋಡಿ, ಬಸವಂತ ಅವಳ ಫೋಟೋಗಳನ್ನೆಲ್ಲ ಸೇರಿಸಿ ಒಂದು ಪುಟ ಮಾಡಿದ. ಮಲಗಿಸಿದ್ದಾಗಿನ ಮುಖವೂ ಅದರಲ್ಲಿತ್ತು, ನೀನು ನೋಡಿದ್ದೀಯ. ಶೈಲಶ್ರೀ ಆ ಪುಟದ ವಿಳಾಸವನ್ನು ಹುಲಿಗೆವ್ವನವರಿಗೆ ಹೇಳಿದಳು, ಅವರು ನಿನಗೆ ಕೊಟ್ಟರು. ಉಳಿದ ನೆಂಟರಿಗೂ ಕೊಟ್ಟೆವು. ಅಡುಗೆಯವರ ಕೈ ತಾನಾಗಿ ಹೋಗಿ ಉಪ್ಪು ಹಾಕುವ ಹಾಗೆ, ಇವರು ಯಾವ ಪುಟ ಮಾಡಿದರೂ ಅಡಿಯಲ್ಲಿ ನಕ್ಷೆ ಹಾಕುತ್ತಾರೆ. ಇದಕ್ಕೂ ಹಾಕಿದ. ಕರ್ನಾಟಕದಲ್ಲಿ ಯಾರು ಎಲ್ಲಿ ಕೂತು ನೋಡಿದರೂ ಚುಕ್ಕೆ ಬೀಳುವುದು ಬೆಂಗಳೂರಿನ ಮೇಲೇ, ಇಂಟರ್ನೆಟ್ ಕೊಡುವವರ ಲೆಕ್ಕ ಹಾಗಿರುತ್ತದೆ ಎಂಬುದು ಅವರ ಅನುಭವ. ತುಮಕೂರಿನವರೂ ಬೆಂಗಳೂರು, ಹಾಸನದವರೂ ಬೆಂಗಳೂರು. ನೀನು ನೋಡುವ ಶಾಲೆಯ ಕಂಪ್ಯೂಟರಿಗೆ ಬೇರೆಯೇ ಲೈನು ಇದೆ, ಅದು ಊರಿನ ಹೆಸರಿನಲ್ಲೇ ಇದೆ ಎಂಬುದು ಯಾರಿಗೆ ಗೊತ್ತಿತ್ತು?

ಮನು ತಲೆ ಬೋಳಿಸಿಕೊಂಡು ಕರ್ಮಕ್ಕೆ ಕೂತಿದ್ದ, ಕಂಪ್ಯೂಟರ್ ಮುಟ್ಟಲಿಲ್ಲ. ನಾನೇ ದಿನಾ ಬೆಳಿಗ್ಗೆ ಮಹಡಿಗೆ ಹೋಗಿ ಪುಟ ತೆಗೆಸಿ ನೋಡುತ್ತಿದ್ದೆ. ಸಾವಿನ ಮನೆಗೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಮಾತ್ರ ಮರೆಯುವುದಿಲ್ಲ. ನನಗೆ ಆ ಚುಕ್ಕೆಗಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರ ಹಾಗೆಯೇ ಕಂಡವು. ಬೆಂಗಳೂರಿಗಿಂತ ಬಹಳ ಮೇಲೆ, ಬೇರೆ ಯಾವ ಚುಕ್ಕೆಯೂ ಇಲ್ಲದ ಕಡೆ ಒಂದು ಬಿತ್ತು. ಮರುದಿನ ಅದು ಸ್ವಲ್ಪ ದಪ್ಪವಾಗಿತ್ತು. ಅದರ ಮರುದಿನ ಇನ್ನೂ ಸ್ವಲ್ಪ. ನನ್ನ ಮಗಳು ಅಮ್ಮನ ಮುಖ ನೋಡಿ ಹೋಗುತ್ತಿದ್ದಾಳೆ, ಬದುಕಿದ್ದಾಳೆ, ಎದ್ದು ಓಡಾಡುತ್ತಿದ್ದಾಳೆ ಎಂದು ಅಲ್ಲೇ ಕೂತು ಅತ್ತೆ. ಬೇರೆ ಏನೂ ನನಗೆ ಹೊಳೆಯಲಿಲ್ಲ.

ನಿನ್ನೆ ತಿಥಿ. ಈ ವರ್ಷದ ಮೊದಲ ಅವರೆಕಾಯಿ ಹುಡುಕಿ ತಂದು, ಹಿತಕಿದ ಬೇಳೆ ಸಾರು ಮಾಡಿಸಿ ಎಡೆ ಇಟ್ಟೆವು. ಬಸವಂತನ ತಾಯಿ ಮುರಿಗೆವ್ವನವರು ಮಗನ ಮನೆಗೆಂದು ಬಂದಿದ್ದರು, ಹೊತ್ತು ಮೂಡುವ ಮೊದಲೇ ಒಲೆ ಮುಂದೆ ಕೂತು ನಮ್ಮವರಿಗಿಂತ ಹೆಚ್ಚು ದುಡಿದರು. ವಯಸ್ಸಾದ ನೆಂಟರು ಪುಟ ನೋಡಬೇಕೆಂದು ಕೇಳಿದ್ದರಿಂದ ಕಂಪ್ಯೂಟರನ್ನು ಕೆಳಗೆ ತಂದು, ಹಾಲಿನಲ್ಲಿ ಹಾರ ಹಾಕಿದ ಫೋಟೋ ಪಕ್ಕದಲ್ಲೇ ಇಟ್ಟಿದ್ದೆವು. ದೀಪ ಒಂದು ಕಡೆ, ಅದು ಒಂದು ಕಡೆ. ಊಟದ ಎರಡನೇ ಪಂಕ್ತಿ ಹೊತ್ತಿಗೆ ಗೊಟ್ಟಿಗೆರೆಯವರು ಬಂದರು. ನಿನ್ನ ಗಂಡ ಎಂದು ಬರೆಯಲು ನನಗೆ ಮನಸ್ಸಿಲ್ಲ. ಬಿಳಿ ಷರ್ಟು, ಜೊತೆಗೆ ಅವರ ಸೈಟು ವ್ಯಾಪಾರದ ಇಬ್ಬರು ಹುಡುಗರು. ಸಾವಿನ ಮನೆಗೆ ಬಂದವರನ್ನು ಹೊರಗೆ ಹೋಗಿ ಎನ್ನಲು ಬರುತ್ತದೆಯೇ? ಫೋಟೋಗೆ ಕೈ ಮುಗಿದರು, ನನ್ನ ಕಾಲು ಮುಟ್ಟಿದರು, ಒಂದು ಕುರ್ಚಿ ಎಳೆದುಕೊಂಡು ಕೂತರು.

ವಿಲ್ಸನ್ ಗಾರ್ಡನ್ನಿನ ನಿನ್ನ ಚಿಕ್ಕಮ್ಮ ಜಯಶೀಲಾ ಆಗ ಕಂಪ್ಯೂಟರಿನ ಮುಂದಿದ್ದಳು. ಅವಳಿಗೆ ಆಫೀಸಿನಲ್ಲಿ ಅಭ್ಯಾಸವಿದೆ. ನೀನು ಎಲ್ಲಿದ್ದೀಯ ಎಂಬುದು ಅವಳಿಗೂ ಗೊತ್ತಿಲ್ಲವಲ್ಲ, ಪಾಪ. ಅಕ್ಕನನ್ನು ನೋಡಲು ಯಾರ್ಯಾರು ಬಂದರು ಎಂದು ಸುತ್ತ ಕೂತ ಹೆಂಗಸರಿಗೆ ಬಾಣ ಇಟ್ಟು ಇಟ್ಟು ತೋರಿಸುತ್ತಿದ್ದಳು. ಇದು ಮಸ್ಕತ್, ನಮ್ಮ ದೊಡ್ಡಪ್ಪನ ಮೊಮ್ಮಗ. ಇದು ಮುಂಬಯಿ, ಎದುರುಮನೆಯವರ ಅಳಿಯ. ಚುಕ್ಕೆ ಬಿಟ್ಟು ಹೋದರೆ ಸಾಕೇ, ಊಟಕ್ಕೆ ಬರುವುದಿಲ್ಲವೇ ಎಂದು ಯಾರೋ ಅಂದರು, ನಾಲ್ಕು ಜನ ನಕ್ಕರು. ಹನ್ನೊಂದು ದಿನದಲ್ಲಿ ಈ ಮನೆಯಲ್ಲಿ ಮೊದಲ ನಗು ಅದು. ಆ ನಗುವಿನಲ್ಲೇ ಅವಳು ಕೇಳಿದಳು:

"ಇದ್ಯಾರಮ್ಮ, ಬೆಂಗ್ಳೂರು ಬಿಟ್ರೆ ಇದೇ ದಪ್ಪ? ರಾಣೆಬೆನ್ನೂರಂತೆ. ಅಲ್ಲಿ ಯಾರವ್ರೆ ನಮ್ಮೋರು?"

ನಾನು ಬಾಗಿಲ ಹತ್ತಿರ, ಹೊರಟವರಿಗೆ ಎಲೆಅಡಿಕೆ ಕೊಡುತ್ತಾ ನಿಂತಿದ್ದೆ. ನನ್ನ ಕೈಯಲ್ಲಿದ್ದ ತಟ್ಟೆ ಹಾಗೇ ಉಳಿಯಿತು. ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ಎಲ್ಲರೂ ಒಂದೊಂದು ಹೆಸರು ಹೇಳಿ ನೋಡಿದರು. ಯಾವುದೂ ಹೊಂದಲಿಲ್ಲ. ಚಿಕ್ಕಮ್ಮ ಬಿಟ್ಟು ಮುಂದಿನ ಚುಕ್ಕೆಗೆ ಹೋದಳು. ಗೊಟ್ಟಿಗೆರೆಯವರು ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಆ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಎದ್ದು, ಎಲೆಗೆ ಕೂತು, ಸಮಾಧಾನವಾಗಿ ಊಟ ಮಾಡಿದರು. ಸಾರು ಎರಡನೇ ಸಲ ಹಾಕಿಸಿಕೊಂಡರು. ಕೈ ತೊಳೆಯಲು ಹಿತ್ತಲಿಗೆ ಬಂದಾಗ ನಾನೊಬ್ಬನೇ ಅಲ್ಲಿದ್ದೆ.

"ಮಾವ, ರಾಣೆಬೆನ್ನೂರಲ್ಲಿ ನಮ್ಮೋರು ಯಾರಿದ್ದಾರೆ?"

ಯಾರೂ ಇಲ್ಲಪ್ಪ ಎಂದೆ. ಅವರ ಮಾತು ಮುಗಿಯುವ ಮೊದಲೇ ಎಂದುಬಿಟ್ಟೆ. ಅವರು ನನ್ನ ಮುಖವನ್ನು, ತೂಕದ ಮುಳ್ಳು ನಿಲ್ಲುವವರೆಗೆ ಕಾಯುವವರ ಹಾಗೆ ನೋಡಿದರು. ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು.

"ಅತ್ತೆ ಅಂದ್ರೆ ಯಾರಿಗೋ ಬಾಳ ಪ್ರೀತಿ ಬುಡಿ ಮಾವ."

ಅಷ್ಟೇ ಹೇಳಿ ನಗುತ್ತಾ ಹೋದರು. ನಾನು ಹಿತ್ತಲ ಕಲ್ಲಿನ ಮೇಲೆ ಕೂತೆ. ಒದ್ದು ಬೈದು ಹೋಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ ಮಗಳೇ. ಹುಡುಗರನ್ನು ಊರಿಂದೂರಿಗೆ ಕಳಿಸಿ ನಿನ್ನನ್ನು ಹುಡುಕಿಸಿದರೂ ಒಂದು ವರ್ಷದಿಂದ ಅವರಿಗೆ ಸಿಗದ ಊರನ್ನು, ನಿನ್ನಮ್ಮನ ಫೋಟೋದ ಅಡಿಯಲ್ಲಿ ನಾವೇ ಬರೆದಿಟ್ಟು ಊಟವನ್ನೂ ಬಡಿಸಿದೆವಲ್ಲ.

ನೆಂಟರು ಹೋದ ಮೇಲೆ ಮನುವಿಗೆ, ಬಸವಂತನಿಗೆ ಹೇಳಿದೆ. ಬಸವಂತ ಗೋಡೆಗೆ ಒರಗಿ ನಿಂತ. ಆಮೇಲೆ, ಇನ್ನೂ ಎಷ್ಟು ಪುಟಗಳ ಅಡಿಯಲ್ಲಿ ಇಂಥ ಚುಕ್ಕೆ ಇದೆಯೋ ಎಂದ. ಊರಿನ ಹೆಸರು ತೋರಿಸುವುದನ್ನೇ ನಿಲ್ಲಿಸಬೇಕು ಎಂದ. ಅದಿಲ್ಲದಿದ್ದರೆ ಇದನ್ನು ಯಾರು ಹಾಕಿಕೊಳ್ಳುತ್ತಾರೆ ಎಂದು ಮನು. ಅವರ ಅನ್ನದ ಪ್ರಶ್ನೆ, ಅವರೇ ತೀರ್ಮಾನ ಮಾಡಿಕೊಳ್ಳಲಿ ಎಂದು ನಾನು ಬಾಯಿ ಹಾಕಲಿಲ್ಲ. ನಮ್ಮ ಪುಟದ ನಕ್ಷೆಯನ್ನು ಮಾತ್ರ ತಕ್ಷಣ ತೆಗೆದುಬಿಡು ಎಂದೆ. ಮನು ಕಂಪ್ಯೂಟರಿನ ಮುಂದೆ ಕೂತ. ಬೋಳುತಲೆಯಲ್ಲಿ ಅವನು ಹತ್ತು ವರ್ಷದ ಹುಡುಗನ ಹಾಗೆ ಕಾಣುತ್ತಿದ್ದ. ನಾನು ದಿನಾ ಬೆಳಿಗ್ಗೆ ಹೋಗಿ ಕೂರುತ್ತಿದ್ದುದನ್ನು ಬಸವಂತ ಅವನಿಗೆ ಹೇಳಿದ್ದನಂತೆ.

"ಅಪ್ಪ, ಹೊರಗಿನೋರಿಗೆ ಕಾಣಲ್ಲ. ನಿನಗೊಬ್ಬನಿಗೇ ಕಾಣೋ ಹಂಗೆ ಇಡ್ಲಾ? ಅಕ್ಕ ಬಂದ್ಲು ಅಂತ ನಿನಗಾದ್ರೂ ಗೊತ್ತಾಗ್ಲಿ."

ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ಅವಳೂ ಇಲ್ಲದ, ನೀನೂ ಇಲ್ಲದ ಮನೆಯಲ್ಲಿ ಬೆಳಿಗ್ಗೆ ಎದ್ದು ನೋಡುವುದಕ್ಕೆ ನನಗಿದ್ದದ್ದು ಅದೊಂದೇ. ಆದರೆ ನಾನು ಕಣ್ಣೀರಿಟ್ಟು ನೋಡಿದ ಚುಕ್ಕೆಯನ್ನೇ ಅವರೂ ನೋಡಿದ್ದು. ಚುಕ್ಕೆಗೆ ನೋಡುವವರು ಯಾರೆಂದು ತಿಳಿಯುವುದಿಲ್ಲ. ಬೇಡ ಮಗಾ, ಬೇರು ಸಮೇತ ಕಿತ್ತುಹಾಕು ಎಂದೆ. ತೆಗೆದ. ನಿನ್ನಮ್ಮನ ಫೋಟೋಗಳು ಹಾಗೇ ಇವೆ, ಅಡಿಯಲ್ಲಿ ಈಗ ಏನೂ ಇಲ್ಲ. ಮುಂದೆ ಎಂದಾದರೂ ನೋಡುವ ಮನಸ್ಸಾದರೆ ಧೈರ್ಯವಾಗಿ ನೋಡು. ನೀನು ಬಂದು ಹೋದದ್ದು ನನಗೂ ತಿಳಿಯುವುದಿಲ್ಲ.

ಮನುವೇ ನಿನ್ನ ಹತ್ತಿರ ಹೊರಡುತ್ತೇನೆಂದು ಹಟ ಹಿಡಿದ. ಆದರೆ ಬೆಳಿಗ್ಗೆಯಿಂದ ಬೀದಿ ತುದಿಯ ಬೇಕರಿ ಮುಂದೆ ಅದೇ ಇಬ್ಬರು ಹುಡುಗರು ಬೈಕ್ ನಿಲ್ಲಿಸಿಕೊಂಡು ಟೀ ಕುಡಿಯುತ್ತಿದ್ದಾರೆ. ಅವನು ಹೊರಟರೆ ಹಿಂದೆಯೇ ಬರುತ್ತಾರೆ. ಅವರಿಗೆ ಊರು ಗೊತ್ತಾಗಿದೆ, ಯಾವ ಬೀದಿ ಯಾವ ಮನೆ ಎಂದು ಇನ್ನೂ ಗೊತ್ತಿಲ್ಲ, ಅದಕ್ಕೇ ಕಾಯುತ್ತಿದ್ದಾರೆ. ಅಷ್ಟರಲ್ಲಿ ಮುರಿಗೆವ್ವನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಹೊರಗೆ ಬಂದರು. ಅವರಿಗೆ ಶೈಲಶ್ರೀ ಎಲ್ಲ ಹೇಳಿದ್ದಳು.

"ನಾ ಹೆಂಗೂ ಊರಿಗೆ ಹೊಂಟಾಕಿ. ನನ್ನ ಯಾರು ನೋಡ್ತಾರ? ನಿಮ್ಮ ಮಗಳನ್ನ ನನ್ನ ಮಗಳಂಗ ಕರ್ಕೊಂಡ ಹೊಕ್ಕೀನಿ, ನೀವು ಕಾಗದ ಬರೀರಿ ಅಣ್ಣಾರ."

ಅದಕ್ಕೇ ಈ ಕಾಗದ. ನಿನ್ನನ್ನು ಹುಟ್ಟಿದಾಗ ಎತ್ತಿಕೊಂಡ ಕೈಯಿಂದ ನಿನಗೆ ಬರೆಯಬೇಕಾದದ್ದು ಇದಲ್ಲ. ನೀನು ಆ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ, ನಿನ್ನ ಸಂಬಳದಲ್ಲಿ ಚಪ್ಪಲಿ ಕೊಂಡೆ ಎಂದು ಬರೆದ ಕಾಗದವನ್ನು ನಿನ್ನಮ್ಮ ದಿಂಬಿನಡಿ ಇಟ್ಟುಕೊಂಡಿದ್ದಳು. ಕಟ್ಟಿಕೊಂಡ ಬದುಕನ್ನು ಮತ್ತೆ ಬಿಚ್ಚು ಎನ್ನುತ್ತಿದ್ದೇನೆ. ಯಾರ ಮೇಲೂ ಕೋಪ ಬೇಡ, ಚಿಕ್ಕಮ್ಮನ ಮೇಲಂತೂ ಬೇಡವೇ ಬೇಡ. ಅವಳಿಗೆ ಇನ್ನೂ ಗೊತ್ತೇ ಇಲ್ಲ, ನಾವು ಹೇಳುವುದೂ ಇಲ್ಲ. ಹುಲಿಗೆವ್ವನವರಿಗೆ ನನ್ನ ನಮಸ್ಕಾರ ತಿಳಿಸು. ಮನು ನಿನ್ನನ್ನು ಕೇಳಿದ್ದಾನೆ. ಹೋದವಳ ಪುಣ್ಯವೆಲ್ಲ ನಿನ್ನ ಬೆನ್ನಿಗಿರಲಿ, ತಾಯಿ.

ನಿನ್ನ ಅಪ್ಪ,
ಬೈರಣ್ಣ

ತಾ.ಕ.: ಮುರಿಗೆವ್ವನವರು ಚೀಲ ಹಿಡಿದು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿ ಯೋಚಿಸುತ್ತಾ ಕೂರಬೇಡ, ಅವರ ಜೊತೆ ಹಾಗೇ ಹೊರಡು. ಎಲ್ಲಿಗೆ ಕರೆದೊಯ್ಯುತ್ತೇನೆಂದು ಹೇಳಲು ಅವರು ಬಾಯಿ ತೆರೆದರು; ನಾನು ತಡೆದೆ. ನೀನೂ ಬರೆಯಬೇಡ, ಮನುವಿಗೂ ಬೇಡ. ಗೊಟ್ಟಿಗೆರೆಯವರು ಮತ್ತೆ ಬರುತ್ತಾರೆ, ಕಾಲು ಮುಟ್ಟುತ್ತಾರೆ, ಒಂದೊಂದೇ ಊರಿನ ಹೆಸರು ಹೇಳುತ್ತಾ ನನ್ನ ಮುಖ ನೋಡುತ್ತಾರೆ. ಯಾವ ಹೆಸರಿಗೂ ನನ್ನ ಮುಖ ಬದಲಾಗಬಾರದು.